ಕೇಕ್ ಒರೆಸಿದವಳ ಇಂಟರ್‌ವ್ಯೂ

ಬಾಯಲ್ಲಿ ಹೆಸರೆತ್ತಿದ ತಿಂಡಿ, ತರಕಾರಿಗಳೆಲ್ಲ ಕೇಳುವವರ ಎದುರು ನಿಜವಾಗಿಯೇ ಬೀಳತೊಡಗಿದ ಮೇಲೆ ಆಫೀಸಿನಲ್ಲಿ ನನಗೆ ಬಿಡುವೇ ಇಲ್ಲ. ಇಲ್ಲಿನವರ ಇಂಗ್ಲಿಷ್ ತುಂಬ ಬರೀ ತಿನ್ನುವ ಮಾತೇ. ಸೋಮಾರಿಯನ್ನು ಆಲೂಗಡ್ಡೆ ಅನ್ನುತ್ತಾರೆ, ಗುಟ್ಟು ಬಿಟ್ಟುಕೊಟ್ಟರೆ ಬೀನ್ಸ್ ಚೆಲ್ಲಿದ ಅನ್ನುತ್ತಾರೆ. ಬಿದ್ದದ್ದನ್ನೆಲ್ಲ ಬಳಿದು ಒರೆಸುವವಳು ನಾನು.

ಎಷ್ಟೋ ಸಲ ಕೇಳಿಕೊಂಡ ಮೇಲೆ ಇವತ್ತು ರಿಸೆಪ್ಷನ್ ಕೆಲಸಕ್ಕೆ ನನ್ನ ಇಂಟರ್‌ವ್ಯೂ ಇತ್ತು.

"ಹೆದರಬೇಡ ಪ್ರಫುಲ್ಲಾ, ತುಂಬಾ ಸುಲಭ, ಪೀಸ್ ಆಫ್ ಕೇಕ್!" ಅಂದರು ಮ್ಯಾನೇಜರ್.

ಮೇಜಿನ ಮೇಲೆ ಕೇಕ್ ಧೊಪ್ಪನೆ ಬಿತ್ತು. ನನ್ನ ಕೈ ತಾನಾಗಿ ಬಟ್ಟೆ ತೆಗೆದು ಒರೆಸತೊಡಗಿತು.

ಅವರು ನಕ್ಕರು. "ನೋಡು, ನಿನಗೆ ಇದೇ ಕೆಲಸ ಸರಿ. ಮುಂದಿನವರನ್ನ ಕಳಿಸು."

"ಸರ್, ಒಂದು ಪ್ರಶ್ನೆನೂ ಕೇಳಲಿಲ್ಲ..."

"ಇನ್ನೇನಮ್ಮ ಕೇಳೋದು?"

ಬಾಗಿಲ ಹತ್ತಿರ ತಡೆಯಲಾಗಲಿಲ್ಲ. "ಇಂಟರ್‌ವ್ಯೂ ಅಂತೆ, ಬದನೆಕಾಯಿ ಅಂತೆ!" ಅಂದೆ.

ಮೂಟೆಗಟ್ಟಲೆ ಬದನೆಕಾಯಿ ಅವರ ಮಡಿಲಿಗೆ ಸುರಿಯಿತು. ಹಿಂದಿರುಗಿ ಬಟ್ಟೆಯನ್ನು ಅವರ ಕೈಗೇ ಕೊಟ್ಟು ಹೊರಗೆ ಬಂದೆ.