ರಾಮನಗುಳಿಯ ಕಲ್ಲು

ಕಪಾಟಿನ ಕೊನೆಯ ಖಾನೆಯಲ್ಲೂ ಕಲ್ಲಿರಲಿಲ್ಲ.

ರಾಜೀವ ಮಂಡಿಯೂರಿ ಮಂಚದ ಕೆಳಗೂ ಕೈಯಾಡಿಸಿದ. ಸಿಕ್ಕಿದ್ದು ಹಳೆಯ ಉತ್ತರ ಪತ್ರಿಕೆಗಳ ಕಟ್ಟು, ಒಂದು ಆಯಸ್ಕಾಂತ, ಒಂದು ಭೂತಗನ್ನಡಿ. ಬಾಗಿಲಲ್ಲಿ ನಿಂತಿದ್ದ ಗೋದಾವರಿಯವರಿಗೆ ಅತ್ತು ಅತ್ತು ಕಣ್ಣೀರೂ ಬತ್ತಿತ್ತು.

"ದಿಂಬಿನ ಬುಡಕ್ಕೇ ಇಟ್ಕಂಡು ಮಲಗ್ತಿದ್ಲು ಸರ್. ಮನೆ ತುಂಬ ಜನ ಬಂದು ಹೋದ್ರು. ಯಾರು ಎಲ್ಲಿಟ್ರೋ ಏನೋ."

ಅವರ ಮಗಳು ಪ್ರೇಕ್ಷಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಬಾಳೆಗುಳಿ ಕ್ರಾಸಿನಲ್ಲಿ ಅವಳ ಸ್ಕೂಟರಿಗೆ ಲಾರಿ ಬಡಿದು ಅಂದಿಗೆ ಹತ್ತನೆಯ ದಿನ.

ಉಲ್ಕೆಯ ಕಲ್ಲುಗಳ ಜಾತಕ ಹೇಳುವುದರಲ್ಲಿ ರಾಜೀವ ದೊಡ್ಡ ಹೆಸರು ಮಾಡಿದವನು. ಎರಡು ವರ್ಷದ ಹಿಂದೆ ಪ್ರೇಕ್ಷಾ ಅವನಿಗೆ ಬರೆದಿದ್ದಳು: ಗಂಗಾವಳಿಯ ನೆರೆ ಇಳಿದ ಮೇಲೆ ರಾಮನಗುಳಿಯ ಗದ್ದೆಯಲ್ಲಿ ಮುಷ್ಟಿ ಗಾತ್ರದ ಕಪ್ಪು ಕಲ್ಲೊಂದು ಸಿಕ್ಕಿದೆ, ಮೈಮೇಲೆ ಸುಟ್ಟ ಹೊಳಪಿದೆ. ಜೊತೆಗೆ ಉಗುರಿನಷ್ಟು ಚೂರನ್ನೂ ಕಳಿಸಿದ್ದಳು. ರಾಜೀವ ಚೂರನ್ನು ಡ್ರಾಯರಿಗೆ ಎಸೆದು ಎರಡು ಸಾಲು ಗೀಚಿದ್ದ: "ಆಯಸ್ಕಾಂತಕ್ಕೆ ಅಂಟುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಇದು ಭೂಮಿಯ ಸಾದಾ ಕಲ್ಲು."

ಅಂಟದಿದ್ದದ್ದರಲ್ಲೇ ಗುಟ್ಟಿತ್ತು. ಸಾಮಾನ್ಯ ಉಲ್ಕೆಗಳು ಅಂಟುತ್ತವೆ, ನಿಜ. ಆದರೆ ಬೇರೆ ಗ್ರಹದಿಂದ ಸಿಡಿದು ಬಂದ ಕಲ್ಲಿನಲ್ಲಿ ಕಬ್ಬಿಣದ ಲೋಹ ಇರುವುದೇ ಅಪರೂಪ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹೈಸ್ಕೂಲ್ ಟೀಚರೊಬ್ಬಳಿಗಾಗಿ ನೆನಪಿಸಿಕೊಳ್ಳಲು ಪುರುಸೊತ್ತಿರಲಿಲ್ಲ, ಅಷ್ಟೆ. ಕಳೆದ ವಾರ ಡ್ರಾಯರು ಖಾಲಿ ಮಾಡುವಾಗ ಚೂರು ಕೈಗೆ ಬಂತು. ಸುಮ್ಮನೆ ಪರೀಕ್ಷೆಗೆ ಹಾಕಿದ. ಆಮ್ಲಜನಕದ ಲೆಕ್ಕ, ಮ್ಯಾಂಗನೀಸಿನ ಲೆಕ್ಕ, ಎರಡೂ ಒಂದೇ ಊರಿನ ಹೆಸರು ಹೇಳಿದವು: ಮಂಗಳ ಗ್ರಹ. ಕುಣಿದಾಡುತ್ತ ಫೋನ್ ಮಾಡಿದರೆ, ಎತ್ತಿದ್ದು ತಾಯಿ.

ಪರೀಕ್ಷೆಯಲ್ಲಿ ಚೂರು ಪುಡಿಯಾಗಿ ಹೋಗಿತ್ತು. ಉಳಿದ ಕಲ್ಲು ಸಿಕ್ಕರೆ ಮಾತ್ರ ಜಗತ್ತಿನ ಉಲ್ಕೆಗಳ ಪಟ್ಟಿಯಲ್ಲಿ ದಾಖಲೆ: ಸಿಕ್ಕ ಊರು ರಾಮನಗುಳಿ, ಕಂಡವಳು ಪ್ರೇಕ್ಷಾ. ಇಲ್ಲದಿದ್ದರೆ ಏನೂ ಇಲ್ಲ. ಬದುಕಿದ್ದಾಗ ಕೊಡದ ಮರ್ಯಾದೆಯನ್ನು ಈಗಲಾದರೂ ಕೊಡಬೇಕೆಂದು ಅವನ ಜೀವ ಚಡಪಡಿಸುತ್ತಿತ್ತು. ಅದಕ್ಕೇ ಕಾರವಾರದವರೆಗೆ ಓಡಿ ಬಂದಿದ್ದ.

"ನಮ್ಮನೆಯವ್ರಿಗೆ ಗೊತ್ತಿರ್ಬೌದು," ಎಂದರು ಗೋದಾವರಿ. "ದೇವಬಾಗಕ್ಕೆ ಹೋಗಿದಾರೆ, ಕಾಳಿ ಹೊಳೆ ಕಡಲು ಸೇರೂ ಕಡೆ. ಅಲ್ಲೇ ಸಿಗ್ತಾರೆ, ನೋಡಿ."

ರಾಜೀವ ತಲುಪುವಾಗ ಪ್ರೇಕ್ಷಾಳ ತಂದೆ ಮಧುಕರ ಒದ್ದೆ ಪಂಚೆಯಲ್ಲಿ ಮರಳಿನ ಮೇಲೆ ಕೂತು, ದರ್ಭೆಯ ಮೇಲಿಟ್ಟ ಕಲ್ಲಿಗೆ ಎಳ್ಳುನೀರು ಬಿಡುತ್ತಿದ್ದರು. ಕರ್ಮದ ಕಲ್ಲು. ಹೋದವರ ಜೀವ ಹತ್ತು ದಿನ ಅದರಲ್ಲೇ ಇರುತ್ತದೆಂದು ನಂಬಿಕೆ. ಅದನ್ನು ಮನೆಯೊಳಗೆ ತರುವುದಿಲ್ಲ, ಕೊನೆಗೆ ನೀರಿಗೆ ಬಿಡುತ್ತಾರೆ. ತನ್ನ ಅಪ್ಪ ಸತ್ತಾಗ ಶ್ಮಶಾನದ ಅಂಗಳದಲ್ಲಿ ಕಾಲಿಗೆ ಸಿಕ್ಕ ಕಲ್ಲನ್ನೇ ಹೆಕ್ಕಿದ್ದು ರಾಜೀವನಿಗೆ ನೆನಪಾಯಿತು. ಬೇರೆಯವರ ದುಃಖವನ್ನು ದಿಟ್ಟಿಸಿ ನೋಡಬಾರದೆಂದು ಗಾಳಿಮರಗಳ ಕಡೆ ಮುಖ ತಿರುಗಿಸಿ ನಿಂತ. ಭಟ್ಟರ ಮಂತ್ರ ಮುಗಿಯಿತು. ಬೆನ್ನ ಹಿಂದೆ ನೀರು ಒಮ್ಮೆ ಸದ್ದು ಮಾಡಿತು.

ಮಧುಕರ ನಡುಗುತ್ತ ದಡಕ್ಕೆ ಬಂದರು. ರಾಜೀವ ತಾನು ಯಾರೆಂದು ಹೇಳಿ, ಕೈಮುಗಿದು, ತನ್ನ ತಪ್ಪನ್ನೂ ಮಂಗಳದ ಸುದ್ದಿಯನ್ನೂ ಒಂದೇ ಉಸಿರಿಗೆ ಒಪ್ಪಿಸಿದ.

"ಅವಳ ಹೆಸರು ಉಳೀಬೇಕು ಸರ್. ಆ ಕಲ್ಲು ಎಲ್ಲಿದೆ?"

ಮಧುಕರ ಒದ್ದೆ ಪಂಚೆಯ ಅಂಚು ಹಿಂಡಿದರು.

"ನಿಮ್ಮ ಪತ್ರ ಬಂದ್ಮೇಲೂ ಅವಳು ಅದನ್ನ ಬಿಡ್ಲಿಲ್ಲ. ಸಾದಾ ಕಲ್ಲಾದ್ರೂ ಅದು ನಂದೇ ಅಪ್ಪಾ ಅಂತಿದ್ಲು." ಮತ್ತೆ ನೀರಿನ ಕಡೆ ತಿರುಗಿದರು.

"ಶ್ಮಶಾನದಲ್ಲಿ ಭಟ್ರು ಯಾವ್ದಾದ್ರೂ ಒಂದು ಕಲ್ಲು ತಕ್ಕಳಿ ಅಂದ್ರು. ಯಾವ್ದೋ ಕಲ್ಲಲ್ಲಿ ನನ್ನ ಮಗಳು ಹೆಂಗೆ ಇರೂದು ಅಂತ, ಮನೆಯಿಂದ ಅವಳದ್ದೇ ತಕಂಡೋಗಿದ್ದೆ."