ಜನವರಿಯ ಬೀಸಣಿಗೆ

ಕಿತ್ತಳೆ ಸುಲಿದ ವಾಸನೆ ಬಂದರೆ ಈಗಲೂ ನನ್ನ ಪಾದಗಳು ತಣ್ಣಗಾಗುತ್ತವೆ.

ಆಗ ನಾವು ಯೋಕೋಹಾಮಾದಲ್ಲಿದ್ದೆವು. ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಆ ಚಳಿಗಾಲದಲ್ಲೇ ಗೊತ್ತಾಗಿತ್ತು; ಅಷ್ಟರಲ್ಲಿ ಅದು ಮೂಳೆಗೂ ಹರಡಿತ್ತು. ಇಂಜೆಕ್ಷನ್ ಶುರುವಾದ ಮೇಲೆ ಅವರಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಕಾದು ಬೆವರು ಕಿತ್ತುಕೊಂಡು ಬರುತ್ತಿತ್ತು.

ಜನವರಿಯ ಒಂದು ಮಧ್ಯಾಹ್ನ ಮೂವರೂ ಕೋತಾತ್ಸುವಿನೊಳಗೆ, ಅಂದರೆ ಹೀಟರ್ ಇರುವ ಗಿಡ್ಡ ಮೇಜಿನ ದಪ್ಪ ಹೊದಿಕೆಯೊಳಗೆ, ಕಾಲು ಚಾಚಿಕೊಂಡು ಕಿತ್ತಳೆ ತಿನ್ನುತ್ತಿದ್ದೆವು. ಅಪ್ಪನ ಹಣೆ ಬೆವರಿತು. ಅಮ್ಮ ಹೀಟರ್ ಆರಿಸಿ, ಬಾಲ್ಕನಿಯ ಬಾಗಿಲು ಪೂರ್ತಿ ಸರಿಸಿ, ಬೇಸಿಗೆಯಲ್ಲಿ ಸ್ಟೇಷನ್ನಿನ ಹತ್ತಿರ ಪುಕ್ಕಟೆ ಹಂಚಿದ್ದ ಕಾಗದದ ಬೀಸಣಿಗೆ ತಂದು ಬೀಸತೊಡಗಿದಳು.

"ಬಾಗ್ಲು ಹಾಕೇ, ಮಗೂಗೆ ಚಳಿಯಾಗುತ್ತೆ" ಎಂದರು ಅಪ್ಪ.

"ಯಾರಿಗ್ರೀ ಚಳಿ? ನನಗೂ ಸೆಖೆನೇ" ಎನ್ನುತ್ತ ಅಮ್ಮ ಸ್ವೆಟರ್ ಬಿಚ್ಚಿ ಪಕ್ಕಕ್ಕಿಟ್ಟಳು. ನಾನೂ ಕಾಲುಚೀಲ ಕಿತ್ತೆಸೆದು, ಸೆಖೆ ಎನ್ನಲು ಸ್ಕೂಲಿನಲ್ಲಿ ಎಲ್ಲರೂ ಹೇಳುವಂತೆ "ಅತ್ಸುಯಿ, ಅತ್ಸುಯಿ" ಎಂದೆ. ಅಪ್ಪ ನಕ್ಕರು. ಆಸ್ಪತ್ರೆಗೆ ಓಡಾಡಲು ಶುರುಮಾಡಿದ ಮೇಲೆ ಅವರು ನಕ್ಕಿದ್ದೇ ಇರಲಿಲ್ಲ.

ಬೆವರು ಆರಿದ ಮೇಲೆ, ಬೀಸಿದ್ದು ಸಾಕೆಂದು ಅವರು ಅಮ್ಮನ ಕೈ ಹಿಡಿದರು.

"ಸೆಖೆ ಅಂದ್ಯಲ್ಲ, ಕೈ ಯಾಕೆ ಹಿಂಗೆ ಐಸ್ ಆಗಿದೆ?"

"ಈಗ ತಾನೆ ಪಾತ್ರೆ ತೊಳೆದ್ನಲ್ಲ."

ಸಿಂಕಿನಲ್ಲಿ ಊಟದ ತಟ್ಟೆಗಳು, ಸಾರಿನ ಪಾತ್ರೆ ಹಾಗೇ ಬಿದ್ದಿದ್ದವು. ನಾನು ಕೂತಲ್ಲಿಂದ ಕಾಣುತ್ತಿತ್ತು. ಅಪ್ಪ ಕೂತಲ್ಲಿಂದಲೂ ಕಾಣುತ್ತಿತ್ತು.

"ಹೌದಾ" ಎಂದು ಅವರು ಅವಳ ಎರಡೂ ಕೈಗಳನ್ನು ಇನ್ನೂ ಬಿಸಿಯಾಗಿದ್ದ ತಮ್ಮ ಅಂಗೈಗಳ ನಡುವೆ ಇಟ್ಟುಕೊಂಡರು. "ನಾಳೆಯಿಂದ ನಾನು ತೊಳೀತೀನಿ ಬಿಡು."