ಹೋದ ತಿಂಗಳ ಗುಟ್ಟು

ಹೊಳೆಯಾಚೆಯ ರಾಜ್ಯದವರು ನಮ್ಮವರ ದನಿಯಲ್ಲೇ ಫೋನ್ ಮಾಡಿ ಸುಳ್ಳು ಹಬ್ಬಿಸತೊಡಗಿದ ಮೇಲೆ ನಮ್ಮೂರಿನ ಪ್ರತಿ ಮನೆಗೂ ಒಂದು ಗುಟ್ಟಿನ ಮಾತಿದೆ. ಅಮಾವಾಸ್ಯೆಗೊಮ್ಮೆ ಬದಲಾಗುವ ಅದನ್ನು ಎದುರಿಗೆ ಕೂತು ಕಿವಿಯಲ್ಲೇ ಹೇಳಬೇಕು. ಫೋನಿನಲ್ಲಿ ಅದನ್ನು ಹೇಳಲಾಗದವರು ವೈರಿಗಳು; ಕೂಡಲೇ ಕಟ್ ಮಾಡಬೇಕು.

ಆವತ್ತು ಸಾವಂತ್ರೆವ್ವ ರೊಟ್ಟಿ ಬಡಿಯುತ್ತಿದ್ದಾಗ, ಗಡಿ ಕಾಯಲು ಹೋಗಿದ್ದ ತಮ್ಮ ಬಸಲಿಂಗನ ದನಿ ಬಂತು.

"ಅಕ್ಕಾ, ದವಾಖಾನಿಯೊಳಗ ಅದೀನಿ. ಅವ್ವನ ಕೈಯಾಗ ಫೋನ್ ಕೊಡು."

"ಮೊದಲ ಗುಟ್ಟು ಹೇಳು."

"ಗುರೆಳ್ಳ ಹಿಂಡಿ."

ಅದು ಹೋದ ತಿಂಗಳದ್ದು. ಆಕೆ ಕಟ್ ಮಾಡಿದಳು. ಮತ್ತೆರಡು ಸಲ ರಿಂಗಾಯಿತು, ಎತ್ತಲಿಲ್ಲ.

ತಮ್ಮನ ಹೆಣ ಮನೆಗೆ ಬಂದ ದಿನ ಆಕೆಗೆ ಹೊಳೆಯಿತು: ಬಸಲಿಂಗ ಹೊರಟದ್ದು ಅಮಾವಾಸ್ಯೆಯ ಹಿಂದಿನ ದಿನ. ಹೊಸ ಮಾತನ್ನು ಅವನ ಕಿವಿಗೆ ಯಾರೂ ಹೇಳಿರಲೇ ಇಲ್ಲ.

ಅಂದು ಆ ಮನೆಯ ಗುಟ್ಟು ಮತ್ತೆ ಹಳೆಯದೇ ಆಯಿತು; ಆಮೇಲೆ ಬದಲಾಗಿಲ್ಲ. ಈಗ ವೈರಿಗಳಿಗೂ ಅದು ಗೊತ್ತು. ದಿನಾ ಬಸಲಿಂಗನ ದನಿ 'ಗುರೆಳ್ಳ ಹಿಂಡಿ' ಎನ್ನುತ್ತದೆ, ಊರು ಬಿಟ್ಟು ಓಡಿರಿ ಎನ್ನುತ್ತದೆ.

ಸಾವಂತ್ರೆವ್ವ ಕಟ್ ಮಾಡುವುದಿಲ್ಲ. ಫೋನನ್ನು ಅವ್ವನ ಕಿವಿಗೆ ಹಿಡಿಯುತ್ತಾಳೆ.